ಗೋಡೆ ಹಿಡಿದ ಸೀತಾಳೆ

ಕಳೆದ ವರ್ಷ ಆಷಾಢದಲ್ಲಿ ಅಮ್ಮ ಸಾಗರದಿಂದ ರಾತ್ರಿ ಬಸ್ಸಿಗೆ ಹೊರಟು ಬೆಳಗಿನ ಜಾವ ಬೆಂಗಳೂರಿಗೆ ಬಂದಿಳಿದಳು. ಹಲಸಿನ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿ ಎಲ್ಲವನ್ನೂ ಬಾಗಿಲ ಬಳಿಯೇ ಇಳಿಸಿದಳು. ಒಂದು ಅಡಿಕೆ ಹಾಳೆಯ ಕಟ್ಟನ್ನು ಮಾತ್ರ ಮಡಿಲಲ್ಲಿಟ್ಟುಕೊಂಡೇ ಕಾಫಿ ಕುಡಿದಳು. ಬಾಳೆನಾರು ಬಿಚ್ಚಿದರೆ ಒಳಗೆ ಮೊಳದುದ್ದದ ಮಾವಿನ ಕೊಂಬೆ, ಅದನ್ನು ಅಪ್ಪಿ ಹಿಡಿದಿದ್ದ ಸೀತಾಳೆ ದಂಡೆ ಎಂಬ ಆರ್ಕಿಡ್ ಗಿಡ. ಮನೆ ಹಿಂದಿನ ಹಳೆ ಮರದ ಕೊಂಬೆ ಗಾಳಿಮಳೆಗೆ ಮುರಿದು ಬಿದ್ದಿತ್ತಂತೆ. ನೆಲದ ಮೇಲೇ ಬಿಟ್ಟರೆ ಕೊಳೆಯುತ್ತದೆಂದು ಗಿಡವಿದ್ದಷ್ಟು ಭಾಗವನ್ನು ಗರಗಸದಲ್ಲಿ ಕೊಯ್ಸಿ ತಂದಿದ್ದಳು.

ತಂದದ್ದೇನೋ ಸರಿ. ಮನೆಯನ್ನೊಮ್ಮೆ ಸುತ್ತಿ ಬಂದು ಕೇಳಿದಳು: “ಎಲ್ಲಿಡ್ತೀಯೇ ಇದನ್ನ? ಕಾಲಿಡಕ್ಕೇ ಜಾಗ ಇಲ್ವಲ್ಲೇ ಮಾರಾಯ್ತಿ.”

ನಿಜ. 20–30ರ ಸೈಟಿನಲ್ಲಿ ಎದ್ದ ಕಟ್ಟಡದ ಮೂರನೇ ಮಹಡಿ ನಮ್ಮದು. ಒಂದು ಕೋಣೆ, ಒಂದು ಹಾಲ್, ಇಬ್ಬರು ನಿಂತರೆ ಮೂರನೆಯವರು ಹೊರಗೆ ನಿಲ್ಲಬೇಕಾದ ಅಡುಗೆಮನೆ. ಬಾಲ್ಕನಿ ಎಂಬ ಹೆಸರಿನ ಮೂರಡಿ ಜಾಗದಲ್ಲಿ ವಾಷಿಂಗ್ ಮೆಷಿನ್ ಮತ್ತು ಬಟ್ಟೆ ಒಣಗಿಸುವ ಸ್ಟ್ಯಾಂಡು. ಇಂಥ ಮನೆಯಲ್ಲಿ ಎಂಟು ಕುಂಡಗಳನ್ನು ತಟ್ಟೆ ಸಮೇತ ನೆಲದ ಮೇಲಿಟ್ಟರೆ ನಾಲ್ಕೂವರೆ, ಐದು ಚದರ ಅಡಿ ಹೋಯಿತು. ಕಸ ಗುಡಿಸುವಾಗ ಎಂಟನ್ನೂ ಸರಿಸಬೇಕು, ಒರೆಸುವಾಗ ಮತ್ತೆ ಸರಿಸಬೇಕು. ಸರಿಸಿ ಸರಿಸಿ ಬೇಸತ್ತು ಕೊನೆಗೆ ಗಿಡವನ್ನೇ ಯಾರಿಗಾದರೂ ಕೊಟ್ಟುಬಿಟ್ಟ ಎಷ್ಟೋ ಮನೆಗಳನ್ನು ಬಲ್ಲೆ. ಉಳಿಯುವುದು ಗೋಡೆ. ಹತ್ತಡಿ ಅಗಲದ ಒಂದು ಗೋಡೆ ನೂರು ಚದರ ಅಡಿಯಷ್ಟು ಜಾಗ. ಬಹುತೇಕ ಮನೆಗಳಲ್ಲಿ ಅದರ ಮೇಲಿರುವುದು ಒಂದು ಕ್ಯಾಲೆಂಡರು, ಒಂದು ಗಡಿಯಾರ.

ನಮ್ಮೂರಿನ ಮನೆಯಲ್ಲಿ ಗೋಡೆಗೂ ಕೆಲಸವಿತ್ತು. ದೀಪಕ್ಕೆ ಗೋಡೆಗೂಡು, ಡಬ್ಬಿ ಜಾಡಿಗಳಿಗೆ ನಾಗಂದಿಗೆ, ಕೊಡೆ ಕಂಬಳಿಗೆ ಗೂಟ, ಹಾಲು ಬೆಣ್ಣೆಗೆ ತೊಲೆಯಿಂದ ಇಳಿಬಿದ್ದ ನೆಲುವು. ನೆಲದ ಮೇಲೆ ಮಣೆ ಬಿಟ್ಟರೆ ಏನೂ ಇರುತ್ತಿರಲಿಲ್ಲ. ಇನ್ನು ಹೊರಗಿನ ಜಂಬಿಟ್ಟಿಗೆ ಗೋಡೆಗಳನ್ನು ಯಾರೂ ತೋಟ ಎಂದು ಕರೆಯದಿದ್ದರೂ ಮಳೆ ಹಿಡಿದು ಹದಿನೈದು ದಿನಕ್ಕೆ ಅಲ್ಲಿ ಪಾಚಿ ಹಬ್ಬುತ್ತಿತ್ತು. ಪಾಚಿಯ ಮೇಲೆ ಜರಿಗಿಡ, ಜರಿಯ ಸಂದಿಯಲ್ಲಿ ಕಾಡು ಕರ್ಣಕುಂಡಲ. ಹಿಡಿ ಮಣ್ಣೂ ಇಲ್ಲದ ಕಡೆ ಅಷ್ಟೊಂದು ಹಸಿರು ಹೇಗೆ ನಿಲ್ಲುತ್ತದೆಂದು ಚಿಕ್ಕವಳಿದ್ದಾಗ ಗೋಡೆಗೆ ಮೂಗು ತಾಗಿಸಿ ನೋಡುತ್ತಿದ್ದೆ.

ಅದೇ ಪ್ರಶ್ನೆಯನ್ನು ಬೆನ್ನಟ್ಟಿ ಜೀವನವಿಡೀ ದುಡಿದವರು ಫ್ರಾನ್ಸಿನ ಸಸ್ಯವಿಜ್ಞಾನಿ ಪ್ಯಾಟ್ರಿಕ್ ಬ್ಲಾಂಕ್. 1972ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗಲೇ, ಅವರು ಥಾಯ್ಲೆಂಡ್ ಮತ್ತು ಮಲೇಷ್ಯಾದ ಮಳೆಕಾಡುಗಳಿಗೆ ಹೋಗಿದ್ದರು. ಬಂಡೆಗಳ ಮೈಗೆ, ಮರದ ಬೊಡ್ಡೆಗೆ, ಝರಿಯ ಪಕ್ಕದ ಕಡಿದಾದ ಕಲ್ಲಿಗೆ ಅಂಟಿ ಬೆಳೆದ ನೂರಾರು ಜಾತಿಯ ಗಿಡಗಳನ್ನು ಅಲ್ಲಿ ಕಂಡರು. ಬೇರಿಗೆ ಬೇಕಾದದ್ದು ನೀರು, ಅದರಲ್ಲಿ ಕರಗಿದ ಲವಣ ಮತ್ತು ಹಿಡಿದುಕೊಳ್ಳಲು ಒಂದು ಆಸರೆ. ಈ ಮೂರಿದ್ದರೆ ಮಣ್ಣಿಲ್ಲದೆಯೂ ಬದುಕುವ ಗಿಡಗಳಿವೆ ಎಂಬುದು ಅವರಿಗೆ ಖಚಿತವಾಯಿತು. ಲೋಹದ ಚೌಕಟ್ಟು, ಅದರ ಮೇಲೆ ಪಿವಿಸಿ ಹಾಳೆ, ಹಾಳೆಗೆ ಹೊಡೆದ ದಪ್ಪ ಫೆಲ್ಟ್ ಬಟ್ಟೆ, ಬಟ್ಟೆಯ ಸೀಳಿನಲ್ಲಿ ಗಿಡ, ಮೇಲಿನಿಂದ ಜಿನುಗುವ ನೀರು: ಇದು ಅವರ ಗೋಡೆಯ ರಚನೆ. 1986ರಲ್ಲಿ ಪ್ಯಾರಿಸ್ಸಿನ ವಿಜ್ಞಾನ ಕೇಂದ್ರದಲ್ಲಿ ಇಂಥದೊಂದು ಗೋಡೆ ಎದ್ದಿತು. 2006ರಲ್ಲಿ ತೆರೆದ ಅಲ್ಲಿನ ಕೆ ಬ್ರಾನ್ಲಿ ಮ್ಯೂಸಿಯಮ್ಮಿನ ಹಸಿರು ಗೋಡೆ ಸುಮಾರು 800 ಚದರ ಮೀಟರಿನದು. 1986ರ ಆ ಗೋಡೆಗೂ ಸುಮಾರು ಅರ್ಧ ಶತಮಾನ ಮೊದಲೇ, 1938ರಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಸ್ಟ್ಯಾನ್ಲಿ ಹಾರ್ಟ್ ವೈಟ್ ಎಂಬ ಪ್ರಾಧ್ಯಾಪಕರು ಗಿಡ ಹೊರುವ ಗೋಡೆಗೆ ಪೇಟೆಂಟ್ ಪಡೆದಿದ್ದರು. ತಮ್ಮ ಮನೆಯ ಹಿತ್ತಿಲಲ್ಲೇ ಅದರ ಮಾದರಿಯನ್ನು ಕಟ್ಟಿ ನೋಡಿದ್ದರು.

ಈ ದೊಡ್ಡ ಗೋಡೆಗಳ ಚಿತ್ರ ನೋಡಿ ನಮ್ಮ ಹಾಲಿಗೂ ಅದೇ ಬೇಕೆಂದು ಹೊರಡುವವರಿಗೆ ಒಂದು ಮಾತು. ಅಲ್ಲಿ ಪಂಪಿದೆ, ಟೈಮರ್ ಇದೆ, ಗೊಬ್ಬರ ಬೆರೆಸುವ ತೊಟ್ಟಿಯಿದೆ, ಒಣಗಿದ ಗಿಡ ಕಿತ್ತು ಹೊಸದು ನೆಡಲು ಆಳುಗಳಿದ್ದಾರೆ. ಪಂಪು ಕೆಟ್ಟು ಎರಡು ದಿನ ನೀರು ನಿಂತರೆ ಫೆಲ್ಟ್ ಒಣಗುತ್ತದೆ, ಗೋಡೆಗೆ ಗೋಡೆಯೇ ಕಂದಿಹೋಗುತ್ತದೆ. ಬೆಂಗಳೂರಿನ ಮೇಲ್ಸೇತುವೆ ಕಂಬಗಳಿಗೆ ತೊಡಿಸಿದ ಹಸಿರು ಒಣಗಿ ಬರೀ ಕಪ್ಪು ಪ್ಲಾಸ್ಟಿಕ್ ಗೂಡುಗಳು ಉಳಿದದ್ದನ್ನು ಸಿಗ್ನಲ್ಲಿನಲ್ಲಿ ನಿಂತು ನೋಡಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಮನೆಗೆ ಬೇಕಾದದ್ದು ಬ್ಲಾಂಕ್ ಕಾಡಿನಲ್ಲಿ ನಿಂತು ನೋಡಿದ ರೀತಿ. ಆ ಯಂತ್ರ ನಮಗೆ ಬೇಡ.

ನೋಡಬೇಕಾದ ಮೊದಲ ಸಂಗತಿ ಬೆಳಕು. ಗೋಡೆ ಗಿಡಗಳು ಸೊರಗುವುದಕ್ಕೆ ಹತ್ತರಲ್ಲಿ ಏಳೆಂಟು ಬಾರಿ ಇದೇ ಕಾರಣ ಎಂಬುದು ಗೋಡೆಯಲ್ಲಿ ಗಿಡ ಸಾಕಿದ ಏಳು ವರ್ಷಗಳಲ್ಲಿ ನಾನು ಕಂಡದ್ದು.

ನಮ್ಮ ಕಣ್ಣು ಬೆಳಕಿನ ವಿಷಯದಲ್ಲಿ ನಂಬಿಕೆಗೆ ಅರ್ಹವಲ್ಲ. ಮಂದ ಬೆಳಕಿಗೂ ಅದು ಹೊಂದಿಕೊಳ್ಳುತ್ತದೆ. ಗಿಡ ಹಾಗೆ ಹೊಂದಿಕೊಳ್ಳಲಾರದು. ನಡುಹಗಲಿನ ನೇರ ಬಿಸಿಲು ಸುಮಾರು ಒಂದು ಲಕ್ಷ ಲಕ್ಸ್. ಒಳ್ಳೆಯ ಕಿಟಕಿಯ ಪಕ್ಕದಲ್ಲಿ ಅದು ಕೆಲವು ಸಾವಿರಕ್ಕಿಳಿಯುತ್ತದೆ. ಅದೇ ಕೋಣೆಯ ಒಳಗೋಡೆಯಲ್ಲಿ, ಸೋಫಾದ ಮೇಲ್ಗಡೆ, ನಾವು “ಎಷ್ಟು ಚೆನ್ನಾಗಿ ಬೆಳಕಿದೆ” ಎನ್ನುವ ಜಾಗದಲ್ಲಿ, ನೂರೋ ಇನ್ನೂರೋ ಇರುತ್ತದೆ. ಫೋನಿನಲ್ಲೇ ಅಳೆಯುವ ಆ್ಯಪ್‌ಗಳಿವೆ. ಅದೂ ಬೇಡವೆಂದರೆ ಮಧ್ಯಾಹ್ನ ಗೋಡೆಯಿಂದ ಒಂದಡಿ ದೂರಕ್ಕೆ ಅಂಗೈ ಹಿಡಿಯಿರಿ. ಬೆರಳುಗಳ ನೆರಳು ಬಿಡಿಬಿಡಿಯಾಗಿ ಬಿದ್ದರೆ ಆ ಗೋಡೆ ಗಿಡ ಸಾಕುತ್ತದೆ. ಮಸುಕು ಕಲೆಯಷ್ಟೇ ಬಿದ್ದರೆ ಅಲ್ಲಿ ಒಂದೆರಡು ಜಾತಿ ಬದುಕಬಹುದು. ನೆರಳೇ ಬೀಳದ ಗೋಡೆಯಲ್ಲಿ ಚಿತ್ರಪಟ ತೂಗುಹಾಕಿ.

ಕಿಟಕಿ ಯಾವ ಗೋಡೆಯಲ್ಲಿದೆಯೋ ಆ ಗೋಡೆಯೇ ಬೆಳಕಿಗೆ ಹತ್ತಿರ ಎಂದು ನಾನೂ ಮೊದಲು ಅಂದುಕೊಂಡಿದ್ದೆ. ಕಿಟಕಿಯ ಎಡಬಲಕ್ಕೆ ಎರಡೆರಡು ಕುಂಡ ಏರಿಸಿದೆ. ನಾಲ್ಕೂ ಗಿಡಗಳು ಕತ್ತು ತಿರುಚಿಕೊಂಡು ಕಿಟಕಿಯ ಕಡೆ ಬಾಗಿದವು. ಯೋಚಿಸಿದರೆ ಸುಲಭ: ಬೆಳಕು ಆ ಗೋಡೆಯನ್ನು ತೂರಿ ಒಳಗೆ ಬರುತ್ತದೆ, ಅದರ ಒಳಮೈ ಮೇಲೆ ಬೀಳುವುದಿಲ್ಲ. ಬೆಳಕು ಬೀಳುವುದು ಕಿಟಕಿಗೆ ಅಡ್ಡವಾಗಿರುವ ಪಕ್ಕದ ಗೋಡೆಯ ಮೇಲೆ, ಅದೂ ಕಿಟಕಿಯಿಂದ ಮೊದಲ ಮೂರು ನಾಲ್ಕು ಅಡಿಗಳಲ್ಲಿ. ನಮ್ಮ ಮನೆಯಲ್ಲಿ ಈಗ ಗಿಡಗಳೆಲ್ಲ ಇರುವುದು ಆ ಮೂರಡಿ ಅಗಲದ ಪಟ್ಟಿಯಲ್ಲೇ, ನೆಲದಿಂದ ಎರಡಡಿ ಮೇಲಿಂದ ತಲೆಯೆತ್ತರದವರೆಗೆ.

ಸೂರ್ಯನೂ ಜಾಗ ಬದಲಿಸುತ್ತಾನೆ. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ವರ್ಷದ ಉಳಿದ ಕಾಲವೆಲ್ಲ ತಣ್ಣಗಿರುವ ಉತ್ತರದ ಕಿಟಕಿಗೂ ಆ ತಿಂಗಳುಗಳಲ್ಲಿ ಬಿಸಿಲು ಸಿಕ್ಕೀತು. ಡಿಸೆಂಬರ್, ಜನವರಿಯಲ್ಲಿ ದಕ್ಷಿಣದ ಕಿಟಕಿಯಿಂದ ಬಿಸಿಲು ಓರೆಯಾಗಿ ನಡುಮನೆಯವರೆಗೂ ಚಾಚುತ್ತದೆ. ಇದೇ ಊರಿನ ಗವಿಪುರದ ಗಂಗಾಧರೇಶ್ವರ ಗುಹಾಲಯದಲ್ಲಿ ಸಂಕ್ರಾಂತಿಯ ಸಂಜೆ ಸೂರ್ಯಕಿರಣ ನಂದಿಯ ಕೊಂಬುಗಳ ನಡುವೆ ಹಾದು ಲಿಂಗವನ್ನು ಮುಟ್ಟುತ್ತದೆ. ಅದನ್ನು ನೋಡಲು ಸಾವಿರಾರು ಜನ ಸೇರುತ್ತಾರೆ. ಬಂಡೆಯೊಳಗಿನ ಕತ್ತಲಲ್ಲಿ ವರ್ಷದ ಯಾವ ದಿನ ಎಲ್ಲಿ ಬೆಳಕು ಬಿದ್ದೀತೆಂದು ಗುರುತಿಸಿದವರ ತಾಳ್ಮೆ ದೊಡ್ಡದು. ನಮ್ಮ ಹಾಲಿನ ಗೋಡೆಗೆ ಅಷ್ಟು ಬೇಡ. ಒಂದು ಭಾನುವಾರ ಬೆಳಿಗ್ಗೆ ಎಂಟಕ್ಕೆ, ಹನ್ನೆರಡಕ್ಕೆ, ನಾಲ್ಕಕ್ಕೆ ಪೆನ್ಸಿಲ್ಲಿನಲ್ಲಿ ಬಿಸಿಲಿನ ಅಂಚು ಗುರುತು ಹಾಕಿದರೆ ಸಾಕು.

ಪಕ್ಕದ ಕಟ್ಟಡ ಮೂರಡಿ ದೂರದಲ್ಲಿ ನಿಂತು ಕಿಟಕಿಯನ್ನೇ ಮುಚ್ಚಿದ್ದರೆ ಬಲ್ಬೇ ಗತಿ. ಅದರಲ್ಲಿ ನಾಚಿಕೆಯೇನೂ ಇಲ್ಲ. ಕುಂಡಗಳ ಮೇಲೆ ಒಂದಡಿ ಅಂತರದಲ್ಲಿ 10 ವ್ಯಾಟಿನ ಬಿಳಿ ಎಲ್‌ಇಡಿ ಪಟ್ಟಿ ಹಾಕಿ ದಿನಕ್ಕೆ ಹನ್ನೆರಡು ಗಂಟೆ ಉರಿಸಿದರೂ ತಿಂಗಳಿಗೆ ನಾಲ್ಕು ಯೂನಿಟ್ ಮುಟ್ಟುವುದಿಲ್ಲ.

ಇನ್ನು ಭಾರ. ಇದನ್ನು ನಾನು ಕಲಿತದ್ದು ಒಂದು ರಾತ್ರಿ. ನರ್ಸರಿಯಿಂದ ತಂದ ಆರು ಮಣ್ಣಿನ ಕುಂಡಗಳನ್ನು ಗೋಡೆಯ ಹಲಗೆಯ ಮೇಲೆ ಸಾಲಾಗಿ ಜೋಡಿಸಿ, ಆರಕ್ಕೂ ತೃಪ್ತಿಯಾಗುವಷ್ಟು ನೀರು ಹಾಕಿ ಮಲಗಿದ್ದೆ. ನಡುರಾತ್ರಿ ಬಾಂಬು ಬಿದ್ದ ಹಾಗೆ ಸದ್ದಾಯಿತು. ದೀಪ ಹಾಕಿ ನೋಡಿದರೆ ಹಾಲಿನ ತುಂಬ ಕೆಂಪುಮಣ್ಣು, ಕುಂಡದ ಚೂರುಗಳು, ಮಗುಚಿ ಬಿದ್ದ ಗಿಡಗಳು. ಹಗಲಲ್ಲಿ ಆ ಜಾಗದಲ್ಲೇ ಪಕ್ಕದ ಮನೆಯ ಮಗು ಕೂತು ಆಡುತ್ತಿತ್ತು. ಅದನ್ನು ನೆನೆದು ಬೆಳಗಿನವರೆಗೂ ನಿದ್ದೆ ಹತ್ತಲಿಲ್ಲ.

ಮರುದಿನ ಬಂದ ಬಡಗಿ ಗೋಡೆಯ ತೂತಿಗೆ ಬೆರಳಿಟ್ಟು ನೋಡಿ ಹೇಳಿದ: “ಅಕ್ಕಾ, ಇದು ಗಾರೆ ಮಾತ್ರ ಹಿಡ್ಕೊಂಡಿತ್ತು. ಇಟ್ಟಿಗೆ ಮುಟ್ಟೇ ಇಲ್ಲ.” ಒಳಗೋಡೆಯ ಗಾರೆ ಸಾಮಾನ್ಯವಾಗಿ ಅರ್ಧ ಇಂಚು ಇರುತ್ತದೆ, ಅದರ ಮೇಲೆ ಪುಟ್ಟಿ, ಬಣ್ಣ. ಒಂದಿಂಚಿನ ಸ್ಕ್ರೂ ಹಾಕಿದರೆ ಅರ್ಧಕ್ಕರ್ಧ ಗಾರೆಯಲ್ಲೇ ಕಳೆದುಹೋಗುತ್ತದೆ. ಎರಡಿಂಚಿನದನ್ನು ಪ್ಲಗ್ ಸಮೇತ ಇಟ್ಟಿಗೆಯೊಳಗೆ ಒಂದೂವರೆ ಇಂಚು ಇಳಿಸಬೇಕು. ಆತ ಮಾಡಿದ ಇನ್ನೊಂದು ಕೆಲಸ, ಲೆಕ್ಕ. ಆರಿಂಚಿನ ಮಣ್ಣಿನ ಕುಂಡ ಹಸಿಮಣ್ಣು ಸಮೇತ ಮೂರೂವರೆ ಕಿಲೊ ತೂಗಿತು. ಆರಕ್ಕೆ ಇಪ್ಪತ್ತೊಂದು, ಹಲಗೆ ಮೂರು. ಹೆಚ್ಚುಕಡಿಮೆ 25 ಕಿಲೊ ಅಕ್ಕಿ ಚೀಲವನ್ನು ನಾನು ಅರ್ಧ ಇಂಚು ಗಾರೆಗೆ ನೇತುಹಾಕಿದ್ದೆ.

ಅಂದಿನಿಂದ ಗೋಡೆಗೆ ಏರುವುದೆಲ್ಲ ಮೊದಲು ಅಡುಗೆಮನೆಯ ತಕ್ಕಡಿಗೆ ಏರುತ್ತದೆ, ಅದೂ ನೀರು ಕುಡಿದ ಮೇಲೆ. ಒಂದು ಲೀಟರ್ ನೀರೆಂದರೆ ಒಂದು ಕಿಲೊ ಎಂಬುದನ್ನು ಮರೆತರೆ ಎಲ್ಲ ಲೆಕ್ಕವೂ ತಪ್ಪುತ್ತದೆ. ತೋಟದ ಮಣ್ಣನ್ನು ಬಿಟ್ಟು ತೆಂಗಿನ ನಾರಿನ ಪುಡಿಗೆ, ಅಂದರೆ ಕೊಕೊಪೀಟ್‌ಗೆ ಬಂದೆ. ತಿಪಟೂರು, ಅರಸೀಕೆರೆ ಕಡೆಯ ತೆಂಗಿನ ಸೀಮೆಯವರಿಗೆ ಇದರ ಗುಣ ಹೇಳಬೇಕಿಲ್ಲ. ಅದನ್ನು ಎರಡು ಮೂರು ಬಾರಿ ನೀರಲ್ಲಿ ತೊಳೆದು ಉಪ್ಪಿನಂಶ ಕಳೆದು ಅರ್ಧ ಪಾಲು, ಕಾಲು ಪಾಲು ಎರೆಗೊಬ್ಬರ, ಉಳಿದ ಕಾಲು ಪಾಲು ಇದ್ದಿಲಿನ ಚೂರು ಮತ್ತು ಇಟ್ಟಿಗೆ ಪುಡಿಕಲ್ಲು ಬೆರೆಸುತ್ತೇನೆ. ಪ್ಲಾಸ್ಟಿಕ್ ಕುಂಡಕ್ಕೆ ಇದನ್ನು ತುಂಬಿದರೆ ಅದೇ ಆರಿಂಚಿನ ಗಿಡ ಎರಡು ಕಿಲೊ ದಾಟುವುದಿಲ್ಲ.

ಗೋಡೆಯ ಜಾತಿಯನ್ನೂ ತಿಳಿದಿರಬೇಕು. ಬೆರಳಗಂಟಿನಿಂದ ಬಡಿದಾಗ ಟೊಳ್ಳು ಸದ್ದು ಬಂದರೆ ಅದು ಜಿಪ್ಸಂ ಹಲಗೆಯ ಅಡ್ಡಗೋಡೆ. ಅಲ್ಲಿ ಒಂದೆರಡು ಗಾಜಿನ ಶೀಶೆಗಿಂತ ಹೆಚ್ಚು ಬೇಡ. ಹೊಸ ಅಪಾರ್ಟ್‌ಮೆಂಟುಗಳ ಇಡೀ ಕಾಂಕ್ರೀಟ್ ಗೋಡೆಗೆ ಮಾಮೂಲಿ ಡ್ರಿಲ್ ಇಳಿಯುವುದಿಲ್ಲ, ಹ್ಯಾಮರ್ ಡ್ರಿಲ್ ಬೇಕು. ಒಮ್ಮೆ ಹಿಡಿದರೆ ಮಾತ್ರ ಅದು ಬಿಡುವುದಿಲ್ಲ. ಸ್ವಿಚ್‌ಬೋರ್ಡಿನ ನೇರ ಮೇಲೆ ಕೆಳಗೆ, ಬಚ್ಚಲುಮನೆಗೆ ಅಂಟಿದ ಗೋಡೆಯಲ್ಲಿ ನಲ್ಲಿಯ ನೇರಕ್ಕೆ ತೂತು ಹಾಕಲೇಬಾರದು. ಒಳಗೆ ವೈರೋ ಪೈಪೋ ಇರುತ್ತದೆ.

ನೀರಿನ ಕತೆ ಇದಕ್ಕಿಂತ ಉದ್ದ. ನೆಲದ ಕುಂಡಕ್ಕೆ ನೀರು ಹೆಚ್ಚಾದರೆ ತಟ್ಟೆ ತುಂಬುತ್ತದೆ, ಕಾಣುತ್ತದೆ. ಗೋಡೆಯ ಕುಂಡದಿಂದ ಹೆಚ್ಚಾದ ನೀರು ಗೋಡೆಯ ಮೇಲೆ ಇಳಿಯುತ್ತದೆ. ಮೊದಲು ಬಣ್ಣ ಉಬ್ಬುತ್ತದೆ, ಆಮೇಲೆ ಪುಟ್ಟಿ ಹಪ್ಪಳದ ಹಾಗೆ ಎದ್ದು ಬರುತ್ತದೆ, ಮಳೆಗಾಲದಲ್ಲಿ ಅಲ್ಲೇ ಬೂಷ್ಟು. ಈಗ ಎಲ್ಲೆಲ್ಲೂ ಸಿಗುವ ಜೇಬು ಜೇಬಿನ ಫೆಲ್ಟ್ ಚೀಲಗಳನ್ನು ಮನೆಯೊಳಗೆ ಹಾಕಿ ಎಂದು ನಾನು ಯಾರಿಗೂ ಹೇಳದಿರುವುದು ಈ ಕಾರಣಕ್ಕೆ. ಬಾಲ್ಕನಿಯ ಕಂಬಿಗೆ ಕಟ್ಟಿದರೆ ಅವು ಚೆನ್ನ. ಒಳಗೋಡೆಗೆ ಅಂಟಿಸಿದರೆ ಒದ್ದೆ ಕಂಬಳಿಯನ್ನು ಗೋಡೆಗೆ ಹೊದಿಸಿದ ಹಾಗೆ. ಮೇಲಿನ ಜೇಬಿಗೆ ಹಾಕಿದ ನೀರು ಇಳಿದಿಳಿದು ಕೆಳಗಿನ ಜೇಬಿಗೆ ಬರುತ್ತದೆ. ಮೇಲಿನ ಗಿಡ ಒಣಗಿ ಸಾಯುತ್ತದೆ, ಕೆಳಗಿನದು ಕೊಳೆತು ಸಾಯುತ್ತದೆ. ಅದನ್ನೇ ಬಳಸುವುದಾದರೆ ಬಾಯಾರಿಕೆ ಕಡಿಮೆಯ ಸ್ನೇಕ್ ಪ್ಲಾಂಟನ್ನು ಮೇಲೂ ಜರಿಯನ್ನು ಕೆಳಗೂ ನೆಡಿ, ಗೋಡೆಗೂ ಚೀಲಕ್ಕೂ ನಡುವೆ ಒಂದಿಂಚು ಗಾಳಿಯಾಡಲು ಬಿಡಿ.

ನಾನು ನೆಚ್ಚಿಕೊಂಡ ಏರ್ಪಾಟು ತೀರ ಸರಳ. ಗೋಡೆಯ ಮೇಲಿರುವುದು ಬರೀ ಹಿಡಿಕೆ: ಕಬ್ಬಿಣದ ಬಳೆ, ಕೊಕ್ಕೆ, ಅಥವಾ ತೂತಿರುವ ಹಲಗೆ. ಗಿಡವಿರುವ ಕುಂಡ ಅದರಿಂದ ಕೈಗೆ ಬಿಡಿಯಾಗಿ ಬರಬೇಕು. ಭಾನುವಾರ ಬೆಳಿಗ್ಗೆ ಎಲ್ಲವನ್ನೂ ಇಳಿಸಿ ಬಚ್ಚಲಿಗೆ ಒಯ್ಯುತ್ತೇನೆ. ಬಕೆಟ್ಟಿನ ನೀರಲ್ಲಿ ಕುಂಡವನ್ನು ಅಂಚಿನವರೆಗೆ ಅದ್ದಿದರೆ ಗುಳುಗುಳು ಎಂದು ಗುಳ್ಳೆ ಏಳುತ್ತದೆ. ಗುಳ್ಳೆ ನಿಲ್ಲುವವರೆಗೆ ಬಿಟ್ಟು, ಎತ್ತಿ, ಅರ್ಧ ಗಂಟೆ ಸೋರಲು ಇಟ್ಟು ಮತ್ತೆ ಗೋಡೆಗೆ. ಪೂರ್ತಿ ಒಣಗಿದ ಕೊಕೊಪೀಟ್ ಕುಂಡದ ಅಂಚಿನಿಂದ ಬಿಟ್ಟುಕೊಂಡಿರುತ್ತದೆ. ಮೇಲಿಂದ ಹಾಕಿದ ನೀರು ಆ ಸಂದಿನಲ್ಲಿ ಜಾರಿ ಕೆಳಗೆ ಹೋಗುತ್ತದೆಯೇ ಹೊರತು ಬೇರಿಗೆ ತಾಗುವುದಿಲ್ಲ. ಅದ್ದಿದರೆ ಆ ತೊಂದರೆಯಿಲ್ಲ. ಹಿಟ್ಟುತಿಗಣೆ ಹತ್ತಿದ ಗಿಡವನ್ನು ಮಾತ್ರ ಬೇರೆ ನೀರಲ್ಲಿ ಅದ್ದಿ, ಇಲ್ಲವಾದರೆ ಒಂದೇ ವಾರದಲ್ಲಿ ಎಲ್ಲಕ್ಕೂ ಹಬ್ಬುತ್ತದೆ. ಎಲೆ ಒರೆಸಲು, ಚಿಗುರು ನೋಡಲು, ಕುಂಡವನ್ನು ಅರ್ಧ ಸುತ್ತು ತಿರುಗಿಸಿ ಇಡಲು ಅದೇ ಸಮಯ.

ಹತ್ತು ಕುಂಡಕ್ಕೆ ಒಂದೇ ಬಕೆಟ್ ಸಾಕು. 2024ರ ಮಾರ್ಚಿನಲ್ಲಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೊರಡಿಸಿದ ಆದೇಶ ಬೆಂಗಳೂರಿನವರಿಗೆ ನೆನಪಿದ್ದೀತು. ಆ ಬೇಸಿಗೆ ಕಳೆದದ್ದು ತರಕಾರಿ ತೊಳೆದ ನೀರಲ್ಲಿ. ಅಕ್ಕಿ ತೊಳೆದ ಕಲಗಚ್ಚನ್ನು ಮನೆಯೊಳಗಿನ ಕುಂಡಕ್ಕೆ ಹಾಕಬೇಡಿ; ಹುಳಿ ವಾಸನೆ ಬರುತ್ತದೆ, ಸಣ್ಣ ಕರಿನೊಣ ಮುತ್ತುತ್ತದೆ. ಹಿತ್ತಿಲ ಕರಿಬೇವಿಗೆ ಅದು ಅಮೃತ, ಹಾಲಿನ ಗೋಡೆಗಲ್ಲ. ಆರ್‌ಒ ಯಂತ್ರ ಹೊರಬಿಡುವ ನೀರಲ್ಲಿ ಲವಣ ಹೆಚ್ಚು, ಅದೂ ಬೇಡ. ಕೆಳಗೆ ಸಿಕ್ಕಿಸಿದ ಪುಟ್ಟ ತಟ್ಟೆಗಳಲ್ಲಿ ನೀರು ನಿಲ್ಲಲು ಬಿಟ್ಟರೆ ಡೆಂಗಿ ಹರಡುವ ಈಡಿಸ್ ಸೊಳ್ಳೆಗೆ ಒಂದು ವಾರ, ಹತ್ತು ದಿನ ಸಾಕು, ಮೊಟ್ಟೆಯಿಂದ ರೆಕ್ಕೆ ಬಂದು ಹಾರುತ್ತದೆ. ರಾಜ್ಯದಲ್ಲಿ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದೂ ಅದೇ 2024ರಲ್ಲೇ. ಮನಿಪ್ಲಾಂಟಿನ ಶೀಶೆಯ ನೀರನ್ನೂ ವಾರಕ್ಕೊಮ್ಮೆ ಚೆಲ್ಲಿ ಬದಲಿಸಬೇಕು.

ಕುಂಡಗಳ ವಿಷಯಕ್ಕೆ ಬಂದರೆ ಬೆಂಗಳೂರಿನ ಸಿದ್ದಾಪುರದ ನರ್ಸರಿಗಳಲ್ಲಿ, ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನದ ಮಳಿಗೆಗಳಲ್ಲಿ ನಾನಾ ನಮೂನೆಗಳು ಸಿಗುತ್ತವೆ. ನನ್ನ ಕಣ್ಣು ಹೋಗುವುದು ಬೆನ್ನು ಚಪ್ಪಟೆಯಾದ ಅರ್ಧ ಕುಂಡದ ಕಡೆಗೆ. ಗೋಡೆಗೆ ಒರಗಿ ನಿಲ್ಲುವುದರಿಂದ ಅದು ಹೆಚ್ಚು ಮುಂದೆ ಚಾಚುವುದಿಲ್ಲ, ಓಡಾಡುವವರ ಭುಜಕ್ಕೆ ತಾಗುವುದಿಲ್ಲ. ಸುಟ್ಟ ಮಣ್ಣಿನದು ನೋಡಲು ಚೆಂದ, ಆದರೆ ಅದರ ಮೈಯೆಲ್ಲ ಬೆವರುತ್ತದೆ. ಬೆನ್ನಿಗೆ ಎರಡು ರಬ್ಬರ್ ಗುಂಡಿ ಅಂಟಿಸಿ ಗೋಡೆಯಿಂದ ಕಾಲಿಂಚು ದೂರವಿಡಿ. ಬಹಳ ಚಿಕ್ಕದನ್ನು ಮಾತ್ರ ಕೊಳ್ಳಬೇಡಿ. ಅಂಗೈಯಗಲದ ಕುಂಡ ಚಿತ್ರದಲ್ಲಿ ಮುದ್ದಾಗಿ ಕಾಣುತ್ತದೆ, ಏಪ್ರಿಲ್ ಬಿಸಿಲಿಗೆ ಒಂದೇ ದಿನದಲ್ಲಿ ಒಣಗುತ್ತದೆ.

ಗಿಡಗಳಲ್ಲಿ ಮನಿಪ್ಲಾಂಟನ್ನು ಕಡೆಗಣಿಸುವವರೇ ಹೆಚ್ಚು. ನನಗೆ ಅದರ ಮೇಲೆ ಬಹಳ ಗೌರವ. ಪೆಸಿಫಿಕ್ ಸಾಗರದ ಮೊರಿಯಾ ಎಂಬ ದ್ವೀಪದಿಂದ ಹೊರಟು ಜಗತ್ತಿನ ಅರ್ಧ ಮನೆಗಳನ್ನು ಸೇರಿದ ಬಳ್ಳಿ ಅದು. ಹೂ ಬಿಡಲು ಬೇಕಾದ ಗಿಬ್ಬರೆಲಿನ್ ಎಂಬ ರಸವನ್ನು ಅದರ ಮೈ ತಾನಾಗಿ ತಯಾರಿಸದು. ಹೂವಿಲ್ಲ, ಬೀಜವಿಲ್ಲ, ಮನುಷ್ಯರ ಕೈಯಿಂದ ಕೈಗೆ ತುಂಡಾಗಿ ದಾಟಿಯೇ ಇಷ್ಟು ದೂರ ಬಂದಿದೆ. ಅದರ ಒಂದು ಗುಣ ಗೋಡೆಯವರಿಗೆ ಉಪಯೋಗದ್ದು. ಕೆಳಗೆ ಇಳಿಬಿಟ್ಟರೆ ಬರಬರುತ್ತ ಎಲೆ ಸಣ್ಣದಾಗುತ್ತದೆ. ಮೇಲಕ್ಕೆ ಹತ್ತಿಸಿದರೆ ದೊಡ್ಡದಾಗುತ್ತದೆ. ಕಬ್ಬನ್ ಪಾರ್ಕಿನಲ್ಲಿ ಮರ ಹತ್ತಿದ ಅದೇ ಬಳ್ಳಿಯ ಎಲೆ ಮೊರದಗಲ ಇರುವುದನ್ನು ನೋಡಿ, ನಿಮ್ಮ ಕಣ್ಣನ್ನೇ ನಂಬಲಾರಿರಿ. ನಾರು ಸುತ್ತಿದ ಒಂದು ಕೋಲನ್ನು ಗೋಡೆಗೆ ನಿಲ್ಲಿಸಿ ಅದರ ಬುಡದಲ್ಲಿ ಕುಂಡವಿಟ್ಟರೆ ಇಡೀ ಗೋಡೆಗೆ ಒಂದೇ ಗಿಡ ಸಾಕು. ಇದರ ಜೊತೆಗೆ ಸಿಂಗೋನಿಯಂ, ಫಿಲೊಡೆಂಡ್ರಾನ್, ಸ್ಪೈಡರ್ ಪ್ಲಾಂಟ್. ಬೆಳಕು ತೀರ ಕಡಿಮೆಯಿದ್ದರೆ ಸ್ನೇಕ್ ಪ್ಲಾಂಟ್ ಮತ್ತು ಜೀಜೀ. ಮನಿಪ್ಲಾಂಟ್, ಸಿಂಗೋನಿಯಂ, ಫಿಲೊಡೆಂಡ್ರಾನ್ ಎಲೆಗಳಲ್ಲಿ ಸುವರ್ಣಗೆಡ್ಡೆಯ ಹಾಗೆ ತುರಿಸುವ ಸೂಜಿಹರಳುಗಳಿವೆ. ಅಂಬೆಗಾಲಿಡುವ ಮಗುವೋ ಬೆಕ್ಕೋ ಇರುವ ಮನೆಯಲ್ಲಿ ಅವು ನೆಲಕ್ಕಿಂತ ಗೋಡೆಯ ಮೇಲಿದ್ದರೇ ಕ್ಷೇಮ.

ಅಡುಗೆಮನೆಯ ಗೋಡೆಯಲ್ಲಿ ಕೊತ್ತಂಬರಿ, ಪುದೀನ ಬೆಳೆದು ಆಗಾಗ ಚಿವುಟಿಕೊಳ್ಳಬಹುದು ಎಂಬ ಜಾಹೀರಾತುಗಳನ್ನು ನಂಬಬೇಡಿ. ಅವಕ್ಕೆ ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೇಕು. ಕತ್ತಲ ಗೋಡೆಯಲ್ಲಿ ದಾರದ ಹಾಗೆ ನೀಳವಾಗಿ ಎದ್ದು ಮಲಗುತ್ತವೆ. ದೊಡ್ಡಪತ್ರೆ, ವೀಳ್ಯದ ಬಳ್ಳಿ ಕಿಟಕಿಯ ಗ್ರಿಲ್ಲಿಗೆ ಬರುತ್ತವೆ. ಗಿಡಗಳಿಂದ ಮನೆಯ ಗಾಳಿ ಶುದ್ಧವಾಗುತ್ತದೆ ಎಂಬ ಮಾತನ್ನೂ ನಂಬಬೇಡಿ. 1989ರಲ್ಲಿ ನಾಸಾಕ್ಕಾಗಿ ನಡೆದ ಆ ಹೆಸರಾಂತ ಪ್ರಯೋಗ ಮುಚ್ಚಿದ ಚಿಕ್ಕ ಪೆಟ್ಟಿಗೆಗಳಲ್ಲಿ ನಡೆದದ್ದು. ಅಂಥ ಹತ್ತಾರು ಪ್ರಯೋಗಗಳನ್ನು ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಒಟ್ಟಿಗೆ ಪರಿಶೀಲಿಸಿದರು. ಮನೆಯ ಮಾಮೂಲಿ ಗಾಳಿಯಾಟ ಮಾಡುವಷ್ಟು ಕೆಲಸವನ್ನು ಗಿಡಗಳೇ ಮಾಡಬೇಕಾದರೆ ನೆಲದ ಪ್ರತಿ ಚದರ ಮೀಟರಿಗೆ ಹತ್ತರಿಂದ ಸಾವಿರ ಗಿಡ ಬೇಕೆಂದು ಅವರ ಲೆಕ್ಕ. ಕಿಟಕಿ ತೆರೆಯುವುದೇ ಮೇಲು. ಗಿಡ ಸಾಕಲು ಗಿಡವೇ ಕಾರಣ ಸಾಲದೇ?

ಬಾಡಿಗೆ ಮನೆಯವರ ಕಷ್ಟ ಬೇರೆ. ಹಿಂದಿನ ಮನೆ ಬಿಡುವಾಗ ಮಾಲೀಕರು ಗೋಡೆಯ ತೂತುಗಳನ್ನು ಬೆರಳಿಟ್ಟು ಎಣಿಸಿದ್ದರು. ಹದಿನಾಲ್ಕು. ಒಂದು ತಿಂಗಳ ಬಾಡಿಗೆ ಬಣ್ಣಕ್ಕೆಂದು ಅಡ್ವಾನ್ಸಿನಲ್ಲಿ ಹೇಗೂ ಮುರಿದುಕೊಳ್ಳುತ್ತಾರೆ, ತೂತಿಗೆಂದು ಇನ್ನಷ್ಟು ಮುರಿದರು. ಈಗ ಒಂದೇ ಗಟ್ಟಿ ಮರದ ಪಟ್ಟಿಯನ್ನು ಮೂರು ಸ್ಕ್ರೂಗಳಲ್ಲಿ ಬಿಗಿಸಿದ್ದೇನೆ, ಉಳಿದದ್ದೆಲ್ಲ ಅದರಿಂದ ಕೊಕ್ಕೆಯಲ್ಲಿ ಇಳಿಬಿದ್ದಿದೆ. ಅಂಟಿಸುವ ಕೊಕ್ಕೆಗಳಿಗೆ ಶೀಶೆಯೊಂದರ ಭಾರಕ್ಕಿಂತ ಹೆಚ್ಚು ಹೊರಿಸುವ ಧೈರ್ಯ ನನಗಿಲ್ಲ. ಮಳೆಗಾಲದ ತೇವಕ್ಕೆ ಅವು ತಾವಾಗಿ ಬಿಟ್ಟುಕೊಳ್ಳುತ್ತವೆ.

ಅಮ್ಮ ತಂದ ಸೀತಾಳೆಗೆ ಕುಂಡವೇ ಬೇಕಿರಲಿಲ್ಲ. ಮರದ ಮೇಲಿದ್ದರೂ ಮರದ ರಸಕ್ಕೆ ಬಾಯಿ ಹಾಕದ ಗಿಡ ಅದು, ಬಂದಣಿಕೆಯ ಹಾಗಲ್ಲ. ಮಳೆ, ಮಂಜು, ತೊಗಟೆಯ ಮೇಲಿನ ಕಸ, ಇಷ್ಟರಲ್ಲೇ ಅದರ ಸಂಸಾರ. ಕೊಂಬೆಯ ತುಂಡನ್ನು ಹಾಗೆಯೇ ಒಂದು ಹಲಗೆಗೆ ಕಟ್ಟಿ, ಪೂರ್ವದ ಕಿಟಕಿಯ ಪಕ್ಕದ ಗೋಡೆಗೆ, ಬೆಳಗಿನ ಬಿಸಿಲು ಎರಡು ಗಂಟೆ ಮುಟ್ಟುವ ಜಾಗದಲ್ಲಿ ತೂಗುಹಾಕಿದೆವು. ಅಮ್ಮ ಸ್ಟೂಲಿನ ಮೇಲೆ ನಿಂತ ನನಗೆ ಕೆಳಗಿನಿಂದ “ಇನ್ನೊಂಚೂರು ಮೇಲೆ, ಅದಕ್ಕೆ ಗಾಳಿ ಬೇಕು” ಎಂದು ಹೇಳುತ್ತಲೇ ಇದ್ದಳು.

ಅದರ ಬೇರು ನೋಡುವುದು ನನ್ನ ಬೆಳಗಿನ ಕೆಲಸವಾಯಿತು. ಕಿರುಬೆರಳ ದಪ್ಪದ ಬೇರು, ಒಣಗಿದ್ದಾಗ ಬೂದಿ ಬಳಿದ ಹಾಗೆ ಬಿಳಿ. ಸ್ಪಂಜಿನಂಥ ಸತ್ತ ಕೋಶಗಳ ಹೊದಿಕೆ ಅದು, ಒಳಗೆಲ್ಲ ಗಾಳಿ. ನೀರು ಸಿಂಪಡಿಸಿ ಅರೆಕ್ಷಣ ಕಾದರೆ ಹೊದಿಕೆ ನೀರು ಹೀರಿ ಗಾಜಿನಂತಾಗುತ್ತದೆ, ಒಳಗಿನ ಹಸಿರು ಮೇಲೆದ್ದು ಬರುತ್ತದೆ. ನೋಡನೋಡುತ್ತಿದ್ದಂತೆ ಬಿಳಿ ಬೇರು ಹಸಿರಾಗುತ್ತದೆ. ಬಾಯಾರಿಕೆಯನ್ನೂ ತಣಿದದ್ದನ್ನೂ ಇಷ್ಟು ನೇರವಾಗಿ ಹೇಳುವ ಇನ್ನೊಂದು ಗಿಡವನ್ನು ನಾನು ಸಾಕಿಲ್ಲ. ಮತ್ತೆ ಬಿಳಿಯಾಗುವವರೆಗೆ ನೀರು ಮುಟ್ಟಿಸುವುದಿಲ್ಲ.

ಈ ವರ್ಷ ಜ್ಯೇಷ್ಠದಲ್ಲಿ ಹೂ ಬರಲಿಲ್ಲ. ಜಾಗ ಬದಲಾದ ಸಿಟ್ಟು, ಒಂದೆರಡು ವರ್ಷ ಹಾಗೇ ಎಂದಳು ಅಮ್ಮ. ಹೂವಿಗೆ ಬದಲು ಎರಡು ಹೊಸ ಬೇರು ಬಂದವು, ತುದಿ ಎಳೆ ಮಾವಿನ ಚಿಗುರಿನ ಬಣ್ಣ. ಒಂದು ಕೊಂಬೆಯನ್ನೇ ಹಿಡಿದು ಹೋಯಿತು. ಇನ್ನೊಂದು ಕೊಂಬೆ ದಾಟಿ, ಹಲಗೆ ದಾಟಿ, ಹೋದ ವಾರ ಗೋಡೆಗೆ ಮುಟ್ಟಿತು. ಮೊನ್ನೆ ಒರೆಸಲೆಂದು ಹಲಗೆಯನ್ನು ಕೊಕ್ಕೆಯಿಂದ ಎತ್ತಲು ಹೋದರೆ ಬರಲಿಲ್ಲ. ಬೇರು ಬಣ್ಣವನ್ನು ಕಚ್ಚಿಕೊಂಡಿತ್ತು. ಒಂದು ಅಂಗುಲ ಉದ್ದಕ್ಕೆ, 3 ಸ್ಕ್ರೂಗಳಿಗಿಂತ ಗಟ್ಟಿಯಾಗಿ.

ಫೋನು ಮಾಡಿ ಹೇಳಿದೆ.

“ಬಿಡಿಸ್ಬೇಡ,” ಎಂದಳು ಅಮ್ಮ. “ಮನೆ ಖಾಲಿ ಮಾಡೋ ಯೋಚನೆ ಏನಾದ್ರೂ ಇದ್ಯಾ?”

ಇಲ್ಲ ಎಂದೆ.